ಅಮ್ಮನ ಬಲಕಿವಿಗೆ ಅಪ್ಪನ ಸ್ವರ

ಅಭಿನಂದನ,

ಎದ್ದ ಕೂಡಲೇ ಇದನ್ನು ಓದು, ಮೊಬೈಲ್ ಆಮೇಲೆ. ನಾನು ಉಜಿರೆ ಬಸ್ಸಿಗೆ ಹೊರಟೆ.

ಕಂಪ್ಯೂಟರಿನ ಪ್ಲೇಯರ್ ಸೆಟ್ಟಿಂಗ್ ಮುಟ್ಟಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ ಮಾರಾಯ? ಅಪ್ಪ ಇದ್ದಾಗ ಸ್ತೋತ್ರ ಹೇಳಿದ ಆ ರೆಕಾರ್ಡಿಂಗಿನಲ್ಲಿ ಸ್ವರ ಬರುವುದು ಎಡಬದಿಯಲ್ಲಿ ಮಾತ್ರ. ಅಮ್ಮನಿಗೆ ಕೇಳುವುದು ಬಲಕಿವಿಯಲ್ಲಿ ಮಾತ್ರ. ಅದಕ್ಕೇ ನಾನು ಎರಡೂ ಬದಿಯಲ್ಲಿ ಒಂದೇ ಸ್ವರ ಬರುವ ಹಾಗೆ ಮೋನೋ ಇಟ್ಟದ್ದು. ನಿನ್ನ ಸಿನೆಮಾ ಹಾಡಿಗೆ ಸ್ಟೀರಿಯೋ ಮಾಡಿದ್ದಿ, ಸರಿ. ಮುಗಿದ ಮೇಲೆ ಮೊದಲಿನ ಹಾಗೆ ಇಡ್ಲಿಕ್ಕೆ ಕೈ ಬಿದ್ದುಹೋಗಿತ್ತಾ?

ಸ್ತೋತ್ರ ಕೇಳದೆ ಅಮ್ಮ ಸಂಜೆ ಊಟಕ್ಕೆ ಏಳುವುದಿಲ್ಲ. ನಿನ್ನೆ ಹೆಡ್‌ಫೋನ್ ಹಾಕಿ ಕೂತವರು ಕೂತೇ ಇದ್ದರು, ಹೊತ್ತು ಕಂತಿತು. ಸೂರ್ಯ ಕಂತಿದ ಮೇಲೆ ನಮ್ಮ ಜೈನರಲ್ಲಿ ಉಣ್ಣುವ ಕ್ರಮ ಇಲ್ಲ, ಅಮ್ಮ ಉಣ್ಣುವುದುಂಟಾ? ನನ್ನ ಹತ್ತಿರ ಹಸಿವಿಲ್ಲ ಅಂತ ಹೇಳಿ ಮಲಗಿದರು.

ಇವತ್ತು ಬೆಳಿಗ್ಗೆ ಬಸದಿಗೆ ಹೊರಡುವಾಗ ಮೆಲ್ಲ ಬಾಯಿಬಿಟ್ಟರು: "ನಾನೇ ಏನೋ ಒತ್ತಿ ಅವರ ಸ್ವರ ಅಳಿಸಿಬಿಟ್ಟೆ." ಅವರು ಹೋದ ಮೇಲೆ ಪ್ಲೇಯರ್ ತೆರೆದು ನೋಡಿದೆ. ನಿನ್ನದೇ ಕೆಲಸ.

ಸರಿ ಮಾಡ್ಲಿಕ್ಕೆ ಎರಡು ನಿಮಿಷ ಸಾಕಿತ್ತು, ಬೇಕೆಂದೇ ಮಾಡಲಿಲ್ಲ. ಮೇಲೆ ಆಡಿಯೋ ಅಂತ ಉಂಟು, ಅದರಲ್ಲಿ ಸ್ಟೀರಿಯೋ ಮೋಡ್, ಅದರೊಳಗೆ ಮೋನೋ. ಬಲಕಿವಿಯಲ್ಲಿ ನೀನೇ ಕೇಳಿ ನೋಡು. ಬರೀ ವಾಲ್ಯೂಮ್ ಏರಿಸಿ ಕೈತೊಳೆಯಬೇಡ.

ತೊಂಡೆಕಾಯಿ ಪಲ್ಯ ಮಾಡಿಟ್ಟಿದ್ದೇನೆ. ಅಮ್ಮ ಬಂದ ಕೂಡಲೇ ಸ್ತೋತ್ರ ಕೇಳಿಸಿ, ಗಂಜಿ ನೀನೇ ಬಡಿಸು. ಮತ್ತೆ, "ಸೆಟ್ಟಿಂಗ್ ಬದಲಿಸಿದ್ದು ನಾನು" ಅಂತ ನಿನ್ನ ಬಾಯಿಯಿಂದಲೇ ಹೇಳು.

ರಾತ್ರಿ ಉಪವಾಸ ಮಲಗಿದ ಅಮ್ಮ ಈಗ ಬಸದಿಯಲ್ಲಿ ಕೂತು ಅಪ್ಪನ ಹತ್ತಿರ ತಪ್ಪಾಯ್ತು ಅಂತ ಹೇಳ್ತಾ ಇರ್ತಾರೆ.

ಅಕ್ಕ