ಹಾಲಿಗೆ ಹೋಗಿ ಬರುವಷ್ಟು ಹೊತ್ತು

19 ಏಪ್ರಿಲ್ 2020, ಬೆಳಿಗ್ಗೆ 6.45
ಹಾಲು ತಂದು ಕಾಯಿಸಿಟ್ಟೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಲಾಕ್‌ಡೌನ್ ಶುರುವಾದ ಮೇಲೆ ಹಾಲಿನವನು ಬರುತ್ತಿಲ್ಲ. ಮೊದಲು ಇವರೇ ಬೈಕಿನಲ್ಲಿ ಹೋಗಿದ್ದರು, ಲಾಠಿ ಏಟು ತಿಂದು ಬಂದರು. ಅತ್ತೆಯ ತೀರ್ಮಾನ: “ಗಂಡಸರು ಹ್ವಾದ್ರ ಬಾರಸ್ತಾರ. ಹೆಂಗಸರಿಗೆ ಏನೂ ಅನ್ನಂಗಿಲ್ಲ. ನೀನ ಹೋಗಿ ಬಾ.”

ಎಮ್ಮೆ ಕಟ್ಟಿ ಹಾಲು ಮಾರುವ ತೊರವಿಯ ಹಸೀನಾ ಮನೆ ಎರಡು ಕಿಲೋಮೀಟರ್. ಮೂರು ದಿನ ನಡೆದೆ. ಇವತ್ತು... ಓಡಿದೆ! ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ಮುಖಕ್ಕೆ ಮಾಸ್ಕ್, ತಲೆಗೆ ವೇಲ್. ಯಾರ ಮನೆ ಸೊಸೆ ಅಂತ ಯಾವನಿಗೆ ಗೊತ್ತು? ಬಬಲೇಶ್ವರ ಹೈಸ್ಕೂಲಿನಲ್ಲಿ ಸಾವಿರದೈನೂರು ಮೀಟರ್ ಓಡಿದ್ದೇ ಕೊನೆ. ಹನ್ನೊಂದು ವರ್ಷವಾಯಿತು. ಎದೆ ಒಡೆದೇ ಹೋಗುತ್ತದೆ ಅನ್ನಿಸಿತು. ಏನು ಸುಖ, ಯವ್ವಾ!

3 ಜುಲೈ 2020
ಹಾಲಿನವನು ಮತ್ತೆ ಬಂದ. “ಅವನ ಹಾಲಿನಾಗ ಬರೇ ನೀರ್ರಿ ಅತ್ತಿ, ಹಸೀನಾನ ಹಾಲಿನ ಕೆನಿ ನೋಡ್ರಿ” ಎಂದೆ. ಪಾಪ, ಅವನ ಹಾಲಿಗೇನಾಗಿತ್ತು. ಬೇಡ ಎಂದು ಕಳಿಸಿದರು.

ಕೊರೊನಾ ಇನ್ನಷ್ಟು ದಿನ ಇರಲಿ ಅನ್ನಿಸುತ್ತದೆ. ಥೂ, ಹೀಗೂ ಒಬ್ಬಳು ಯೋಚಿಸುವುದೇ?

28 ಮೇ 2021
ಕೊರೊನಾ ಹಿಡಿದಿದ್ದ ಮಾವ ಹನ್ನೆರಡು ದಿನದ ಮೇಲೆ ಆಸ್ಪತ್ರೆಯಿಂದ ಬಂದರು. ಆಕ್ಸಿಜನ್ ಮೇಲೇ ಇದ್ದರು. ಅರ್ಧ ಇಳಿದಿದ್ದಾರೆ. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದವರಲ್ಲ, ಈಗ ಡಾಕ್ಟರು ದಿನಾ ನಡೆಯಲೇಬೇಕು ಎಂದಿದ್ದಾರೆ. ಕೊರೊನಾ ಇನ್ನಷ್ಟು ದಿನ ಇರಲಿ ಎಂದುಕೊಂಡಿದ್ದನ್ನು ನೆನೆಸಿಕೊಂಡು ಅಡುಗೆಮನೆಯಲ್ಲಿ ಕಣ್ಣೀರು ಹಾಕಿದೆ.

24 ಜೂನ್
ಮಾವ ವಾಕಿಂಗಿಗೆ ತೊರವಿ ರಸ್ತೆಗೇ ಬಂದಿದ್ದರು! ಎದುರಿಗೇ. ನಿಂತರೆ ಅನುಮಾನ. ತಲೆ ತಗ್ಗಿಸಿ ಓಡುತ್ತಲೇ ದಾಟಿದೆ. ಮಾಸ್ಕ್ ಹಾಕಿದರೆ ಅವರ ಕನ್ನಡಕಕ್ಕೆ ಉಸಿರಿನ ಮಂಜು ಹಿಡಿಯುತ್ತದೆ, ಅದೇ ಪುಣ್ಯ.

ಚಹಾ ಹೊತ್ತಿಗೆ ಅದೇ ಸುದ್ದಿ. “ಒಬ್ಬಾಕಿ ಹುಡುಗಿ ಓಡ್ತಾಳ ನೋಡ, ಕುದ್ರಿ ಓಡಿದಂಗ. ಯಾರ ಮನಿಯಾಕಿ ಏನೋ!”

“ಹೇಳವ್ರು ಕೇಳವ್ರು ಇಲ್ಲದ ಮನಿಯಾಕಿ ಇರ್ಬೇಕ ತಗೋರಿ” ಎಂದರು ಅತ್ತೆ.



2 ಜುಲೈ, ಮಧ್ಯಾಹ್ನ. ಆಸ್ಪತ್ರೆ
ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ಹಾಲಿಗೆ ಓಡುವಾಗ ದೂರದಿಂದಲೇ ಕಂಡಿತು. ಮಾವ ಸಣ್ಣ ಸೇತುವೆಯ ಕಟ್ಟೆ ಮೇಲೆ ಕುಸಿದು ಕೂತಿದ್ದರು. ಮಾಸ್ಕ್ ಕಿತ್ತು ಹಾಕಿ, ಎದೆ ಹಿಡಿದುಕೊಂಡು. ನಾನು ನಿಂತೆ. ಯಾರಾದರೂ ಬರಲಿ... ತಿಕೋಟಾ ಕಡೆಯಿಂದ ಒಂದು ಬೈಕಾದರೂ ಬರಲಿ... ನಾನು ಹತ್ತಿರ ಹೋದರೆ ನಾಳೆಯಿಂದ ಓಟ ಮುಗಿಯಿತು. ಎರಡು ನಿಮಿಷ ನಿಂತೆ. ಬೇರೆ ಯಾರಿಗೂ ಹೇಳಲಾರೆ. ಎರಡು ನಿಮಿಷ.

ಆಮೇಲೆ ಓಡಿದೆ. “ಯಾರವಾ ನೀ...” ಎಂದರು. ಮಾಸ್ಕ್ ಇಳಿಸಿದೆ. ಗುರುತು ಹಿಡಿದರು. ಫೋನು ಮನೆಯಲ್ಲಿತ್ತು. ಹಸೀನಾ ಗಂಡ ಬುಡ್ಡೇಸಾಬರಿಗೆ ಆಟೋ ಇದೆ, ಅವರ ಮನೆವರೆಗೂ ಓಡಿ ಕರೆತಂದೆ. ಆಕ್ಸಿಜನ್ ಎಂಬತ್ತಾರಕ್ಕೆ ಇಳಿದಿತ್ತಂತೆ.

6 ಜುಲೈ
ಮಾವ ಮನೆಗೆ ಬಂದರು. ಓಟದ ಸುದ್ದಿ ಬಾಯಿ ಬಿಟ್ಟಿಲ್ಲ. ಹಾಲಿಗೆ ಹೋದ ಸೊಸೆ ಕಂಡಳು, ಆಟೋ ತಂದಳು, ಮನೆಯವರಿಗೆ ಅಷ್ಟೇ ಗೊತ್ತು. “ನೀ ಇರಲಿಲ್ಲಂದ್ರ ನನ್ನ ಕುಂಕುಮ ಉಳೀತಿರಲಿಲ್ಲವಾ” ಎಂದು ಅತ್ತೆ ಕೈ ಹಿಡಿದುಕೊಂಡರು. ತಲೆ ಎತ್ತಲಾಗಲಿಲ್ಲ.

29 ಜುಲೈ, ಮಧ್ಯಾಹ್ನ
ಮಾವ ಮತ್ತೆ ನಡೆಯಲು ಹೊರಟರು. ಒಬ್ಬರನ್ನೇ ಬಿಡಬೇಡ ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಕಾಲು ಕಟ್ಟಿಹಾಕಿದಂತಾಯಿತು. ಆ ಕಟ್ಟೆ ಬಂತು. ಕೂತರು.

“ಅವತ್ತ ನನ್ನ ನೋಡಿನೂ ಅಲ್ಲೇ ನಿಂತಿದ್ದಿ ನೀ. ಯಾಕ?”

ಗುರುತು ಸಿಗಲಿಲ್ಲ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ.

“ನಿಮಗ ಗೊತ್ತಾದ್ರ ನನ್ನ ಓಡೂದು ಬಂದ್ ಆಗ್ತದಂತ ಅಂಜಿದ್ನಿರಿ, ಮಾವಾರ.”

“ನನ್ನ ಜೀವಕ್ಕಿಂತ ದೊಡ್ಡದೇನ ಅದು?”

“ಆ ಎರಡ ನಿಮಿಷ... ಹೌದ್ರಿ.”

“ಸುಳ್ಳರೆ ಹೇಳ್ಬಾರದೇನಬೇ!” ಎಂದರು. ಸಿಟ್ಟೋ ನಗುವೋ, ಮಾಸ್ಕಿನೊಳಗೆ ತಿಳಿಯಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, “ಓಡು. ನಾ ಇಲ್ಲೇ ಕುಂತಿರ್ತೀನಿ. ಆ ಮಾಸ್ಕ್ ತಗಿ, ಓಡಾಕ ಉಸುರ ಬೇಕ. ಉಸುರಿನ ಬೆಲಿ ನನಗ ಗೊತ್ತದ.”

ತೆಗೆದೆ. ಓಡಿದೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದೆ, ಕೂತಿದ್ದಾರೋ ಇಲ್ಲವೋ ಅಂತ. ಎದುರಿಗೆ ನಮ್ಮ ಓಣಿಯ ಸಿದ್ದರಾಮ ಬೈಕ್ ನಿಲ್ಲಿಸಿದ. “ಅಮರಪ್ಪನವರ ಸೊಸಿ ಅಲ್ಲೇನ್ರಿ ನೀವು?”

ಹೌದ್ರಿ ಅಂದೆ. ನಿಲ್ಲಲಿಲ್ಲ.

ಮನೆಗೆ ಬಂದರೆ ಅವನ ಬೈಕು ನಮ್ಮ ಅಂಗಳದಲ್ಲಿ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಾವ ಏದುಸಿರು ಬಿಡುತ್ತಲೇ ನನ್ನ ಮುಂದೆ ಬಂದರು. “ಓಡಂತ ನಾನ ಹೇಳೀನಿ.” ಅತ್ತೆ ಒಳಗೆ ಹೋದರು. ಇಷ್ಟು ಹೊತ್ತಾದರೂ ಒಂದು ಮಾತಿಲ್ಲ. ಈಗ ಅಡುಗೆಮನೆಯಿಂದ ಕರೆದು ಕೇಳುತ್ತಿದ್ದಾರೆ, “ನಾಳಿ ಹಾಲಿಗೆ ಯಾರ ಹೋಗವ್ರು?”