ಟಿವಿಯಲ್ಲಿ ಬಾರದ ಮುಂದಿನ ಭಾಗ

ಮನೆಯಿಂದ,
ಫೆಬ್ರವರಿ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೀಗೆ ಕರೆಯಲೋ ಬೇಡವೋ ಎಂಬ ಗೊಂದಲದಲ್ಲಿ ಎರಡು ಹಾಳೆ ಹರಿದು ಹಾಕಿದೆ. ಮೂರನೆಯದರಲ್ಲಿ ಕಣ್ಣು ಮುಚ್ಚಿಕೊಂಡು ಬರೆದೇಬಿಟ್ಟೆ. ಇಷ್ಟವಾಗದಿದ್ದರೆ ಆ ಎರಡು ಪದ ಬಿಟ್ಟು ಇಲ್ಲಿಂದ ಓದಿಕೋ.

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ? ಕಳೆದ ಭಾನುವಾರ ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತನಾಡುವಾಗ ಹನ್ನೊಂದು ಸಲ ಕೆಮ್ಮಿದೆ. ಪಕ್ಕದ ಕೋಣೆಯಲ್ಲಿ ಕೂತು ಎಣಿಸುತ್ತಿದ್ದೆ. ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವವಳಿಗೆ, ತಣ್ಣನೆ ಗಾಳಿ ಬಂದರೆ ಕಿಟಕಿ ಮುಚ್ಚು ಎಂದು ಲಿಫ್ಟ್ ರಿಪೇರಿಯವನು ಹೇಳಿಕೊಡಬೇಕೇ? ಆದರೂ ಹೇಳುತ್ತೇನೆ, ಮುಚ್ಚು. ಅಮ್ಮ ಚೆನ್ನಾಗಿದ್ದಾಳೆ. ನನ್ನ ಮೊಣಕಾಲಿನ ಸುದ್ದಿಯನ್ನು ಅವಳು ನಿನಗೆ ಉಪ್ಪು ಖಾರ ಹಚ್ಚಿ ಹೇಳಿರುತ್ತಾಳೆ, ಅಷ್ಟೇನೂ ಇಲ್ಲ. ಆರು ಅಂತಸ್ತಿನ ಕಟ್ಟಡವೊಂದರಲ್ಲಿ ಲಿಫ್ಟಿನ ಗುಂಡಿಗೆ ಇಳಿಯುತ್ತಿದ್ದೆ. ಏಣಿಗೆ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟೆ, ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಸಿಕ್ಕವರಿಗೆಲ್ಲ ಹುಷಾರು ಹುಷಾರು ಎನ್ನುತ್ತಾ ಬಂದವನಿಗೆ ಈಗ ಜೊತೆಯ ಕೆಲಸದವರೆಲ್ಲ ಅದೇ ಮಾತು ಹೇಳಿ ನಗುತ್ತಿದ್ದಾರೆ. ಮೂರು ವಾರ ಮನೆಯಲ್ಲಿರಬೇಕೆಂದು ವೈದ್ಯರ ಅಪ್ಪಣೆ.

ಮೊದಲ ನಾಲ್ಕು ದಿನ ಕುಂಟುತ್ತಲೇ ಮನೆಯ ಕದಗಳ ಕೀಲಿಗೆಲ್ಲ ಎಣ್ಣೆ ಬಿಟ್ಟೆ. ಚೆನ್ನಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಇನ್ನೂ ಚೆನ್ನಾಗಿ ನಡೆಯುವಂತೆ ಮಾಡಹೋಗಿ ನಿಲ್ಲಿಸಿಬಿಟ್ಟೆ. ಐದನೆಯ ದಿನ ನಿನ್ನ ಅಮ್ಮನ ತಾಳ್ಮೆ ಕೆಟ್ಟಿತು. "ಒಂದು ಕಡೆ ಸುಮ್ನೆ ಕೂತ್ಕೊಳ್ಳೋಕೆ ಏನು ಧಾಡಿ ನಿಮಗೆ?" ಎಂದು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ನನ್ನ ಮುಂದೆ ಕುಕ್ಕಿದಳು. ಅದರಲ್ಲಿ ಏಳು ಪುಸ್ತಕಗಳಿದ್ದವು, ಏಳೂ 'ಒಂಬತ್ತನೇ ದಿಗಂತ'ದವು.

ನಿನಗೆ ಗೊತ್ತಿರುವುದನ್ನೇ ಈಗ ಸ್ವಲ್ಪ ಬರೆಯುತ್ತೇನೆ. ಅದು ನನಗೂ ಗೊತ್ತಿದೆ ಎನ್ನುವುದು ನಿನಗೆ ತಿಳಿದಿರಲಿ ಎಂದು ಮಾತ್ರ. 'ಒಂಬತ್ತನೇ ದಿಗಂತ' ಧಾರಾವಾಹಿ ಮೂರು ವರ್ಷ, ಪ್ರತಿ ಗುರುವಾರ ಸಂಜೆ ಆರಕ್ಕೆ ಬರುತ್ತಿತ್ತು. ನೀನು ಮತ್ತು ನಿನ್ನ ಅಪ್ಪ ಒಂದು ವಾರವೂ ತಪ್ಪಿಸಿದವರಲ್ಲ. ದಾರಿ ತಪ್ಪಿದ ತಾರಾನೌಕೆ, ಅದರಲ್ಲಿ ಮೂವತ್ತು ಜನ. ಕೊನೆಯ ಕಂತಿನಲ್ಲಿ ಪೈಲಟ್ ಹೆಂಗಸು ಮನೆಯ ದಾರಿ ಹುಡುಕಲು ಸಣ್ಣ ನೌಕೆಯೊಂದರಲ್ಲಿ ಒಬ್ಬಳೇ ಹೊರಡುತ್ತಾಳೆ. ಕ್ಯಾಪ್ಟನ್ ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿ ನಿಂತಿರುತ್ತಾನೆ. 'ಮುಂದುವರಿಯುವುದು' ಎಂದು ಅಕ್ಷರ ಬರುತ್ತದೆ. ಮುಂದುವರಿಯಲಿಲ್ಲ. ನೋಡುವವರು ಕಡಿಮೆ ಎಂದು ನಿಲ್ಲಿಸಿಬಿಟ್ಟರಂತೆ. ಆಗ ನಿನಗೆ ಒಂಬತ್ತು ವರ್ಷ. ನಾಲ್ಕು ತಿಂಗಳಿಗೆ ನಿನ್ನ ಅಪ್ಪ ತೀರಿಕೊಂಡರು. ಆಮೇಲೂ ಎಷ್ಟೋ ಗುರುವಾರ ನೀನು ಆರು ಗಂಟೆಗೆ ಟಿವಿ ಹಾಕಿ, ಬರುತ್ತಿರುವುದು ಇನ್ನೇನೋ ಆದರೂ ಸದ್ದು ತೆಗೆದು ಅರ್ಧ ಗಂಟೆ ಕೂತಿರುತ್ತಿದ್ದೆಯಂತೆ. ಇದನ್ನು ನಿನ್ನ ಅಮ್ಮ ನನಗೆ ಮದುವೆಗೂ ಮೊದಲೇ ಹೇಳಿದ್ದಳು. ಎಚ್ಚರಿಕೆ ಕೊಡುವ ಹಾಗೆ ಹೇಳಿದ್ದಳು.

ನಾನು ಈ ಮನೆಗೆ ಬಂದಾಗ ನಿನಗೆ ಹನ್ನೊಂದು. ಚಿಕ್ಕಪ್ಪ ಎನ್ನಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ಆರು ತಿಂಗಳು ಹಾಗೆ ಕರೆದೆ, ಆಮೇಲೆ ಅದನ್ನೂ ಬಿಟ್ಟು "ಇಲ್ಲಿ ನೋಡಿ", "ಕೇಳಿಸ್ತಾ" ಎನ್ನುವುದರಲ್ಲೇ ಕೆಲಸ ಸಾಗಿಸಿದೆ. ತಪ್ಪೆಂದು ಹೇಳುತ್ತಿಲ್ಲ. ನಾನೂ ಹೊಸ ಕಟ್ಟಡಕ್ಕೆ ಹೋದರೆ ಯಾವ ಗುಂಡಿ ಯಾವುದಕ್ಕೆ ಎಂದು ತಿಳಿಯುವವರೆಗೆ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ.

ಹನ್ನೆರಡನೇ ಹುಟ್ಟುಹಬ್ಬಕ್ಕೆ ನಿನಗೇನು ಕೊಡಬೇಕೆಂದು ತೋಚದೆ ಒದ್ದಾಡುತ್ತಿದ್ದಾಗ, ಮೇಲ್ಸೇತುವೆ ಕೆಳಗಿನ ಹಳೇ ಪುಸ್ತಕದ ಅಂಗಡಿಯಲ್ಲಿ ಆ ತಾರಾನೌಕೆಯ ಚಿತ್ರ ಕಂಡಿತು. ಟಿವಿಯಲ್ಲಿ ನಿಂತಲ್ಲಿಂದ ಕಥೆ ಮುಂದುವರಿಸಿದ ಕಾದಂಬರಿ! ಲಾಟರಿ ಹೊಡೆದವನ ಹಾಗೆ ಓಡಿಬಂದೆ. ನೀನು ಕಾಗದ ಬಿಡಿಸಿದೆ, ಮುಖ ಒಮ್ಮೆ ಅರಳಿತು, ಮತ್ತೆ ಮುಚ್ಚಿಕೊಂಡಿತು.

"ಇದು ನಿಜವಾದದ್ದಲ್ಲ. ಯಾರೋ ಬರೆದಿದ್ದು."

"ಟಿವಿಯಲ್ಲಿ ಬಂದಿದ್ದೂ ಯಾರೋ ಬರೆದಿದ್ದೇ ಅಲ್ವಾ?" ಎಂದೆ. ಜಾಣತನ ಮಾಡಲು ಹೋದೆ.

"ಅದು ಅಪ್ಪ ನೋಡಿದ್ದು."

ಸಿಟ್ಟಿನಿಂದ ಹೇಳಲಿಲ್ಲ. ತಪ್ಪು ವಿಳಾಸಕ್ಕೆ ಬಂದ ಟಪಾಲನ್ನು ಹಿಂದಿರುಗಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ನಾನು ತೆಗೆದುಕೊಂಡೆ. ಆದರೆ ನನ್ನ ಹಟ ನೋಡು, ಆಮೇಲೂ ಆ ಅಂಗಡಿಯ ಮುಂದೆ ಹಾದು ಹೋಗುವಾಗ ಆ ಸಾಲಿನ ಇನ್ನೊಂದು ಪುಸ್ತಕ ಕಂಡರೆ ಕೊಂಡು ತಂದು ಅಟ್ಟಕ್ಕೆ ಸೇರಿಸುತ್ತಿದ್ದೆ. ಓದಲಿಲ್ಲ. ಒಂದು ದಿನ ನೀನು ಕೇಳಿದರೆ ಇಲ್ಲ ಎನ್ನಬಾರದಲ್ಲ.

ಈಗ ಏಳನ್ನೂ ಓದಿ ಮುಗಿಸಿದೆ. ಓದುವ ಮೊದಲು, ನಿನ್ನ ಅಪ್ಪ ಟೇಪಿಗೆ ಹಿಡಿದಿಟ್ಟಿದ್ದ ಹಳೆಯ ಕಂತುಗಳನ್ನೂ ನೋಡಿದೆ, ಮೋಸ ಆಗಬಾರದು ಎಂದು. ಇಂಥ ಪುಸ್ತಕಗಳನ್ನು ಓದುವುದು ಸಾರ್ಥಕವೇ ಎಂದು ಕೇಳುತ್ತೀಯಾ? ಕೇಳುವುದಿಲ್ಲ, ಗೊತ್ತು. ಆದರೂ ನನ್ನ ತೀರ್ಪು ಇಟ್ಟುಕೋ. ಎರಡನೆಯದು ಶುದ್ಧ ದಂಡ. ಅದರಲ್ಲಿ ಹಡಗಿನ ಇಂಜಿನಿಯರ್ ಜಾಮ್ ಆದ ಬಾಗಿಲನ್ನು ತಲೆಗೆ ಹಾಕುವ ಪಿನ್ನಿನಿಂದ ತೆಗೆಯುತ್ತಾನೆ. ನನ್ನ ಜೀವಮಾನವೆಲ್ಲ ಬಾಗಿಲುಗಳ ಜೊತೆ ಕಳೆದಿದೆ, ನನಗೇ ಈ ಕಥೆಯೇ? ನಾಲ್ಕನೆಯದರಲ್ಲಿ ಕ್ಯಾಪ್ಟನ್ ಭಾಷಣ ಬಿಗಿಯುತ್ತಾನೆ. ಟಿವಿಯಲ್ಲಿ ಆತ ಹುಬ್ಬೆತ್ತಿ ಮುಗಿಸುತ್ತಿದ್ದ ಮಾತಿಗೆ ಇಲ್ಲಿ ಮೂರು ಪುಟ. ಐದನೆಯದನ್ನು ಬರೆದವರು ಧಾರಾವಾಹಿಯನ್ನು ನೋಡಿಯೇ ಇಲ್ಲ ಎಂದು ನನ್ನ ಗುಮಾನಿ. ಎಡಗೈ ವೈದ್ಯೆಯನ್ನು ಬಲಗೈಯವಳನ್ನಾಗಿ ಮಾಡಿದ್ದಾರೆ. ಆದರೆ ಆರನೆಯದರಲ್ಲಿ ಒಂದು ಪುಟವಿದೆ. ಊಟದ ಕೋಣೆಯಲ್ಲಿ ಪೈಲಟ್ಟಿನ ಕುರ್ಚಿಯನ್ನು ದಿನಾ ಒರೆಸಿಡುವ ಅಡುಗೆಯವನು, ಯಾರೋ ಹೊಸಬ ಅರಿಯದೆ ಅದರ ಮೇಲೆ ಕೂತಾಗ ಬೈಯಲು ಬಾಯಿ ತೆರೆದು, ಬೈಯದೆ, ತಟ್ಟೆ ತಂದು ಮುಂದಿಡುತ್ತಾನೆ. ಅಷ್ಟೇ. ಇದು ಟಿವಿಯಲ್ಲಿ ಬರಲಿಲ್ಲ, ಬರಲು ಅವರಿಗೆ ಸಮಯವೂ ಇರಲಿಲ್ಲ. ಆ ಪುಟವನ್ನು ಮೂರು ಸಲ ಓದಿದೆ. ಅದೊಂದಕ್ಕಾಗಿ ಉಳಿದ ದಂಡವನ್ನೆಲ್ಲ ಮಾಫಿ ಮಾಡಬಹುದು ಎನ್ನಿಸಿತು.

ಮೊದಲನೆಯದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ನೀನು ವಾಪಸು ಕೊಟ್ಟ ಪುಸ್ತಕ, ಕೈ ಹೋಗುತ್ತಿರಲಿಲ್ಲ. ಉಳಿದ ಆರೂ ಪೈಲಟ್ ಇಲ್ಲದ ದಿನಗಳ ಬಿಡಿ ಕಥೆಗಳು, ಅವಳೇನಾದಳು ಎನ್ನುವುದು ಇದೊಂದರಲ್ಲೇ ಇತ್ತು. ಮೊನ್ನೆ ಶುಕ್ರವಾರ ಮಧ್ಯಾಹ್ನ ಅದನ್ನು ಓದುತ್ತಿದ್ದೆ. ನಿನ್ನ ಅಮ್ಮ ಎದುರಿಗೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಪೈಲಟ್ ಸತ್ತೇ ಹೋದಳೋ ಏನೋ ಎಂದು ಜೀವ ಬಾಯಿಗೆ ಬಂದಿತ್ತು. ಕೊನೆಗೂ ಅವಳ ಸುಳಿವು ಸಿಕ್ಕಿದಾಗ ತಡೆಯಲಾಗದೆ, "ಬದುಕಿದ್ದಾಳೆ ಕಣೇ!" ಎಂದೆ.

ಅಮ್ಮ ತಲೆ ಎತ್ತಲಿಲ್ಲ. "ಗೊತ್ತು. ನಲವತ್ತು ದಿನ ಆದ್ಮೇಲೆ ವಾಪಸ್ ಬರ್ತಾಳೆ" ಎಂದಳು.

ಆ ಪುಸ್ತಕವನ್ನು ಅವಳು ಮುಟ್ಟಿದ್ದನ್ನು ನಾನು ನೋಡಿಲ್ಲ. ನಾನಿನ್ನೂ ಕಥೆಯ ಮೂವತ್ತೆರಡನೇ ದಿನದಲ್ಲಿದ್ದೆ. ಅವಳ ಮುಖವನ್ನೇ ನೋಡುತ್ತಾ ಕೂತೆ. ಅವಳು ನಿನ್ನ ಹಳೆಯ ಹೊದಿಕೆಯೊಂದನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. ಆಮೇಲೆ ಹೇಳಿದಳು. ಮುಂದಿನದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ.

"ಆಸ್ಪತ್ರೆಯಲ್ಲಿ ಅವಳ ಅಪ್ಪ ಓದಿದ್ರು. ಆಗಷ್ಟೇ ಅಂಗಡಿಗೆ ಬಂದಿತ್ತು, ನಾನೇ ತಂದುಕೊಟ್ಟೆ. ಮೂರು ಮಧ್ಯಾಹ್ನದಲ್ಲಿ ಮುಗಿಸಿದ್ರು. ಆ ಪೈಲಟ್ ನಕ್ಷತ್ರ ನೋಡ್ಕೊಂಡು ನಕ್ಷೆ ಬರೆಯೋ ಕಡೆ ನಕ್ಕು ನಕ್ಕು ಕೆಮ್ಮು ಹತ್ತಿ ನರ್ಸ್ ಓಡಿ ಬಂದ್ಲು. 'ಮೂವತ್ತು ವರ್ಷ ಸರ್ವೇ ಮಾಡಿದೀನಿ, ಇವಳ ಅಳತೆ ನಂಬಿದ್ರೆ ಅಡುಗೆಮನೆಗೂ ತಲುಪಲ್ಲ' ಅಂದ್ರು. ಪೂರ್ತಿ ಕಥೆ ನನಗೆ ಹೇಳಿದ್ರು. ಆಮೇಲೆ, 'ಮಗಳಿಗೆ ಹೇಳ್ಬೇಡ. ಇಬ್ರೂ ಒಟ್ಟಿಗೆ ಕಾಯ್ತಾ ಇದೀವಿ ಅಂದ್ಕೊಂಡಿದ್ದಾಳೆ. ಮನೆಗೆ ಹೋದ್ಮೇಲೆ ಏನೂ ಗೊತ್ತಿಲ್ಲದವನ ಹಾಗೆ ಅವಳ ಜೊತೆ ಮತ್ತೆ ಓದ್ತೀನಿ' ಅಂದ್ರು. ಮನೆಗೆ ಬರಲಿಲ್ಲ. ಆ ಪುಸ್ತಕ ಮನೆಗೆ ತರೋಕೆ ನನಗೆ ಧೈರ್ಯ ಬರಲಿಲ್ಲ, ಪಕ್ಕದ ಮಂಚದವರಿಗೆ ಕೊಟ್ಟುಬಂದೆ."

ನೀನು ಪುಸ್ತಕ ಹಿಂದಿರುಗಿಸಿದ ದಿನ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳಂತೆ. ಮಾತು ನಾಲಿಗೆ ತುದಿಯವರೆಗೂ ಬಂದಿತ್ತಂತೆ. "ಹೇಳಿದ್ರೆ, ಅಪ್ಪ ನನ್ನ ಬಿಟ್ಟು ಓದಿಬಿಟ್ರು ಅಂತ ಮಗು ಕೊರಗುತ್ತೆ. ಹೇಳದಿದ್ರೆ ನೀವು ಆಸೆಯಿಂದ ತಂದಿದ್ದು ಅಟ್ಟ ಸೇರುತ್ತೆ. ನಾನು ನಿಮ್ಮ ಪುಸ್ತಕ ಬಿಟ್ಟುಕೊಟ್ಟೆ ರೀ," ಎಂದಳು. ಅತ್ತಳು. ಹದಿಮೂರು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದರೆ ನನಗೆ ಕೋಪ ಬರಬೇಕಿತ್ತೇನೋ. ಬರಲಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ನಿನ್ನ ಅಪ್ಪನನ್ನು ನಾನು ಕಂಡವನಲ್ಲ. ಅವರ ಫೋಟೋದ ಕೆಳಗೆ ಹದಿನಾಲ್ಕು ವರ್ಷ ಉಂಡಿದ್ದೇನೆ, ಅಷ್ಟೇ ಪರಿಚಯ. ಅವತ್ತು ಮಾತ್ರ ಆ ನಕ್ಷೆಯ ಪುಟ ತೆಗೆದು ಮತ್ತೊಮ್ಮೆ ಓದಿದೆ. ನನಗೆ ನಕ್ಷೆ ಗಿಕ್ಷೆ ತಿಳಿಯದು, ಹಿಂದಿನ ದಿನ ಅಲ್ಲಿ ನಗು ಬಂದಿರಲಿಲ್ಲ. ಈಗ ಬಂತು. ಅವರು ಎಲ್ಲಿ ನಕ್ಕಿರಬೇಕೆಂದು ಗೊತ್ತಾಯಿತು. ಪಕ್ಕದಲ್ಲಿ ನೀನಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣಕ್ಕೆ ಅನ್ನಿಸಿದ್ದು ಇನ್ನೂ ಹೋಗಿಲ್ಲ. ಅವರಿಗೂ ಆ ಮಂಚದ ಮೇಲೆ ಅದೇ ಅನ್ನಿಸಿರಬೇಕು. ನಿನ್ನನ್ನು ಬಿಟ್ಟು ಮುಂದೆ ಹೋಗಬೇಕೆಂದು ಅವರು ಓದಲಿಲ್ಲ, ಮಗಳೇ. ಅವರಿಗೆ ಟೈಮ್ ಇರಲಿಲ್ಲ.

ಇದನ್ನು ನಿನಗೆ ತಿಳಿಸಬೇಕೋ ಬೇಡವೋ ಎಂದು ಎರಡು ದಿನ ಇಬ್ಬರೂ ಮಾತಾಡಿದೆವು. ನೀನೇ ಬರಿ ಎಂದೆ ಅಮ್ಮನಿಗೆ. "ನಾನು ಬರೆದ್ರೆ ಕ್ಷಮಾಪಣೆ ಪತ್ರ ಆಗುತ್ತೆ. ನೀವು ಬರೀರಿ, ಪುಸ್ತಕದ ವಿಷಯ ಅಂತ ಓದ್ತಾಳೆ" ಎಂದಳು. ಹಾಗಾಗಿ ಬರೆದೆ. ಪುಸ್ತಕ ಇದರ ಜೊತೆಯಲ್ಲೇ ಇದೆ, ಮೊದಲನೆಯದು ಮಾತ್ರ. ಓದಲೇಬೇಕೆಂದಿಲ್ಲ. ಮೇಜಿನ ಮೇಲೆ ಇಟ್ಟುಕೊಂಡರೂ ಸಾಕು. ಕೋಪ ಬಂದರೆ ನನ್ನ ಮೇಲೆ ಮಾಡಿಕೋ, ಅಮ್ಮನ ಮೇಲೆ ಬೇಡ. ನನಗೆ ಅಭ್ಯಾಸವಿದೆ, ಲಿಫ್ಟ್ ಕೆಟ್ಟರೆ ಜನ ಬೈಯುವುದು ರಿಪೇರಿಗೆ ಬಂದವನನ್ನೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನಗೆ ನೂರು ಕಾಲ ಸುಖವಾಗಿರು ಎಂದು ಬರೆಯಲು ಹೇಳಿದ್ದಾಳೆ. ಅದನ್ನು ನನ್ನದೂ ಎಂದು ಸೇರಿಸಿ ಎರಡು ಸಲ ಓದಿಕೋ.

ನಿನ್ನ ಒಳಿತನ್ನು ಬಯಸುವ,
ಚಿಕ್ಕಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು ಎಂದು ಬರೆಯಲಿದ್ದೆ, ಸುಳ್ಳೇಕೆ, ಬೆಳಗಿನಿಂದ ಇದನ್ನೇ ಬರೆಯಲು ಹೆದರುತ್ತಿದ್ದೆ. ಈ ತಿಂಗಳ ಇಪ್ಪತ್ತೆಂಟಕ್ಕೆ ಅಮ್ಮ ನಿನ್ನಲ್ಲಿಗೆ ಹೊರಡುತ್ತಾಳೆ, ಮರುದಿನ ಬೆಳಿಗ್ಗೆ ಹತ್ತೂವರೆಗೆ ರೈಲು ತಲುಪುತ್ತದೆ. ನಾನು ಎರಡು ಟಿಕೆಟ್ ತೆಗೆದಿದ್ದೇನೆ. ನಾಲ್ಕು ವರ್ಷದಿಂದ ನಿನ್ನ ಕೋಣೆ ಹೇಗಿದೆ, ಕಿಟಕಿ ಯಾವ ಕಡೆಗಿದೆ ಎಂದು ಅಮ್ಮನನ್ನು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ, ಒಮ್ಮೆ ನೋಡಬೇಕು. ನೀನು ಬೇಡ ಎಂದರೆ ಒಂದು ಟಿಕೆಟ್ ವಾಪಸು ಮಾಡುತ್ತೇನೆ, ಅದರಲ್ಲಿ ಬೇಸರವಿಲ್ಲ. ಫೋನಿನಲ್ಲಿ ನನ್ನ ಹತ್ತಿರ ಹೇಳುವುದು ಕಷ್ಟವಾದರೆ ಅಮ್ಮನಿಗೆ "ಇಬ್ಬರೂ" ಎಂದೋ "ಒಬ್ಬರೇ" ಎಂದೋ ಒಂದು ಮಾತು ಹೇಳಿಬಿಡು.