ಹಾರ್ಮೋನು ನಿಲ್ಲಿಸಬೇಕಿದ್ದ ದಿನ

ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಅಕ್ಕನನ್ನು ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ನಿನ್ನ ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯೆಂದು ಅಮ್ಮ ಹೇಳಿದಳು. ನಾನು ನೋಡಲು ಬರದಿದ್ದುದು ಹೊಟ್ಟೆಕಿಚ್ಚಿಗೆ ಎಂದು ನಿನಗೆ ಅನ್ನಿಸಿದೆಯಂತೆ, ಅದನ್ನೂ ಹೇಳಿದಳು. ನನ್ನ ಮಗಳು ಉಸಿರಿಲ್ಲದೆ ಹುಟ್ಟಿ ಇವತ್ತಿಗೆ ಐದು ವಾರ. ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬರದಿರಲು ಕಾರಣ ಅದಲ್ಲ.

ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಹೋದೆ. ಹಸುವಿನ ಕೆಚ್ಚಲಿನ ಜೀವಕೋಶಗಳನ್ನು ಬಟ್ಟಲುಗಳಲ್ಲಿ ಬೆಳೆಸಿ, ಹಾಲು ಹೇಗೆ ಬರುತ್ತದೆಂದು ನೋಡುವುದು ನನ್ನ ಕೆಲಸವಲ್ಲವೇ? ಕೊಟ್ಟಿಗೆಯಿಲ್ಲದ ಗೌಳಗಿತ್ತಿ ಎಂದು ನಿನ್ನ ಭಾವ ಮೊದಲೆಲ್ಲ ರೇಗಿಸುತ್ತಿದ್ದರು. ಈಗ ಮನೆಯಲ್ಲಿ ಹಾಲಿನ ಮಾತೇ ಇಲ್ಲ. ಇಬ್ಬರೂ ಹಾಲು ಹಾಕದ ಚಹಾ ಕುಡಿಯುತ್ತೇವೆ.

ಆ ಜೀವಕೋಶಗಳಿಗೆ ಕರು ಹುಟ್ಟಿದೆಯೆಂದು ನಂಬಿಸಲು ಹಾರ್ಮೋನು ಹಾಕುತ್ತೇವೆ. ಪಾಪದವು, ನಂಬುತ್ತವೆ. ಆರನೆಯ ದಿನ ಅರ್ಧ ಬಟ್ಟಲುಗಳಿಗೆ ಅದನ್ನು ನಿಲ್ಲಿಸಿ, ಹಾಲು ಎಷ್ಟು ಬೇಗ ಬತ್ತುತ್ತದೆಂದು ನೋಡಬೇಕು. ಹೋದ ಮಂಗಳವಾರ ನನಗೆ ಕೈಯೇ ಬರಲಿಲ್ಲ. ಎಲ್ಲಾ ಬಟ್ಟಲಿಗೂ ಹಾಕಿದೆ. ಮರುದಿನವೂ ಹಾಕಿದೆ. ಪುಸ್ತಕದಲ್ಲಿ ಮಾತ್ರ ನಿಲ್ಲಿಸಿದೆನೆಂದು ಬರೆದೆ.

ಪರೀಕ್ಷೆ ಮಾಡಿದಾಗ ಎಲ್ಲದರಲ್ಲೂ ಹಾಲಿನ ಅಂಶ ಸರಿಸಮ. ಮೂರು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ನಮ್ಮ ಪ್ರಯೋಗಾಲಯದ ಮೇಡಂ ಕರೆಸಿ ಬಾಗಿಲು ಮುಚ್ಚಿದರು. ನಾನು ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ.

"ಯಾಕಮ್ಮಾ ನಿಲ್ಲಿಸ್ಲಿಲ್ಲ?"

"ಕರು ಇಲ್ಲ ಅಂತ ಅವಕ್ಕೆ ಹೇಗೆ ಹೇಳ್ಲಿ, ಮೇಡಂ?"

ಅವರು ಬೈಯಲಿಲ್ಲ. ಇನ್ನೂ ಒಂದು ತಿಂಗಳು ರಜೆ ಬರೆಸಿಕೊಂಡು ಮನೆಗೆ ಕಳಿಸಿದರು.

ನಿನ್ನ ಮಗುವಿನ ಕಿವಿ ಥೇಟ್ ನಮ್ಮಪ್ಪನದೇ ಅಂತೆ, ಹಾಗಾದರೆ ಹೇಳಿದ್ದು ಒಂದೂ ಕೇಳುವುದಿಲ್ಲ ಬಿಡು. ಬಾಣಂತಿ ನೀನು, ಇದನ್ನೋದಿ ಅಳುತ್ತ ಕೂರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಕಂದನಿಗೆ ನನ್ನ ಆಯಸ್ಸೂ ಸೇರಲಿ. ನಿನ್ನ ಮಡಿಲು ತಂಪಾಗಿರಲಿ.

ನಿನ್ನ
ಅಕ್ಕ

ತಾ.ಕ.: ಹಾಲು ಬತ್ತಲೆಂದು ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ನಾನು ನುಂಗಲಿಲ್ಲ, ಪುಟ್ಟಿ. ದಿನಕ್ಕೆರಡು ಸಲ ಬಚ್ಚಲಲ್ಲಿ ಹಿಂಡಿ ಚೆಲ್ಲುತ್ತೇನೆ. ನಿನ್ನ ಭಾವನಿಗೂ ಗೊತ್ತಿಲ್ಲ. ಅವಳು ಬಂದಿದ್ದಳು ಎನ್ನಲು ನನ್ನ ಹತ್ತಿರ ಇದೊಂದೇ ಉಳಿದಿದೆ. ನಾನು ಅಲ್ಲಿಗೆ ಬಂದಾಗ ನಿನ್ನ ಮಗು ಹಸಿದು ಅತ್ತರೆ, ನನ್ನ ಎದೆ ಅವಳೇ ಅತ್ತಳು ಅಂದುಕೊಳ್ಳುತ್ತದೆ. ಅದಕ್ಕೇ ಬರಲಿಲ್ಲ.